ನೀಲಿ ನೂಲಿನ ಪಟ್ಟಿ

ನನ್ನ ಗಂಡನ ಸೊಂಟದ ಪಟ್ಟಿಯಲ್ಲಿ ನನ್ನ ವಾರಗಿತ್ತಿಯ ಹೊಲಿಗೆ ಕಂಡ ಸಂಜೆ ನನಗೆ ಊಟವೇ ಬೇಡವೆನಿಸಿತು.

ಅವಳೂ ನಾನೂ ಒಂದೇ ಕಾರ್ಖಾನೆಯಲ್ಲಿ ನೈಲಾನ್ ಪಟ್ಟಿ ಹೊಲಿಯುವವರು. ಲಾರಿಯ ಸರಕು ಬಿಗಿಯುವುದಕ್ಕೂ ಅದೇ ಪಟ್ಟಿ, ಹೆಗಲಚೀಲಕ್ಕೂ ಅದೇ, ಎತ್ತರದಲ್ಲಿ ಜೋತುಬಿದ್ದು ದುಡಿಯುವವರ ಸೊಂಟಕ್ಕೂ ಅದೇ. ಒಳ್ಳೆಯ ನೇಯ್ಗೆ ಸುಮ್ಮಸುಮ್ಮನೆ ಹರಿಯುವುದಿಲ್ಲ, ಕೈಕೊಟ್ಟರೆ ಹೊಲಿಗೆಯ ಹತ್ತಿರವೇ. ಯಾರ ಹೊಲಿಗೆಯೆಂದು ತಿಳಿಯಲಿ ಅಂತ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ನೂಲು. ನನ್ನದು ಕೆಂಪು, ಅವಳದು ನೀಲಿ.

ನನ್ನವರು ದೊಡ್ಡ ಕಟ್ಟಡಗಳ ಗಾಜು ಒರೆಸುವವರು. ಮದುವೆಯಾದಾಗಿನಿಂದ ಅವರು ಜೋತುಬಿದ್ದದ್ದು ನನ್ನ ಕೆಂಪು ನೂಲಿಗೆ. ಅವಳನ್ನು ಅತ್ತೆ ಹೊಗಳಿದರು, ಸಹಿಸಿದೆ. ಮೇಸ್ತ್ರಿ ಹೊಗಳಿದರು, ಹಲ್ಲು ಕಚ್ಚಿಕೊಂಡು ಅದನ್ನೂ ಸಹಿಸಿದೆ. ಈಗ ನನ್ನ ಗಂಡನ ಜೀವವೂ ಅವಳ ಕೈಗೇ ಹೋಯಿತು. ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು.

"ನನ್ನ ಕೈಗೇನು ಲಕ್ವ ಹೊಡೆದಿತ್ತಾ?" ಎಂದೆ.

"ಕೂಗಾಡ್ಬೇಡ. ಇಲ್ಲಿ ನೋಡು." ಅವರು ನನ್ನ ಹಳೆಯ ಪಟ್ಟಿಯನ್ನು ತಂದು ನೀಲಿಯದರ ಪಕ್ಕ ಹಾಸಿದರು. "ಅವಳದ್ದು ನಾಲ್ಕು ಸಾಲು. ನಿಂದು ಎಷ್ಟು?"

ಎಣಿಸಿದೆ. ಏಳು.

"ನಿಮ್ಮ ಮೇಸ್ತ್ರಿನೇ ನೋಡಿ, ಇದು ಬೇಡ ಅಂದ್ರು. ಬೇರೆಯವರ ಪಟ್ಟಿಗೆ ನೀನೂ ನಾಲ್ಕೇ ಹಾಕ್ತೀಯಂತೆ. ನಂದಕ್ಕೆ ಮಾತ್ರ ಯಾಕೆ ಹೀಗೆ?"

ಸೂಜಿ ಚುಚ್ಚಿದಷ್ಟೂ ಎಳೆ ತುಂಡಾಗುತ್ತದೆ, ನಾಲ್ಕು ಸಾಲು ಮೀರಿದರೆ ಪಟ್ಟಿ ಸೋಲುತ್ತದೆ. ಹೊಸಬರಿಗೆ ಈ ಮಾತನ್ನು ಗಿಳಿಗೆ ಹೇಳಿದಂತೆ ಹೇಳಿಕೊಡುವವಳೇ ನಾನು. ಆದರೆ ಅವರ ಪಟ್ಟಿ ಕೈಗೆ ಬಂದರೆ ಆ ಗಾಜಿನ ಗೋಡೆ ಕಣ್ಣೆದುರು ನಿಲ್ಲುತ್ತಿತ್ತು. ಇನ್ನೊಂದು ಸಾಲು ಇರಲಿ ಅಂತ ಕಾಲು ತಾನಾಗಿಯೇ ಪೆಡಲ್ ಒತ್ತುತ್ತಿತ್ತು.

"ಹಾಗಾದ್ರೆ ಇನ್ಮೇಲೆ ನಾನು ಹೊಲಿಯೋದೇ ಬೇಡ್ವಾ?"

"ನಾಲ್ಕಕ್ಕೆ ನಿಲ್ಸೋಕೆ ಆಗುತ್ತಾ ನಿನಗೆ?"

ಆಗುತ್ತದೆ ಎನ್ನಲು ಬಾಯಿ ತೆರೆದೆ. ಸುಳ್ಳು ಹೊರಡಲಿಲ್ಲ. ಅವರು ನನ್ನ ತಲೆ ಸವರಿ, ಕೈಕಾಲು ತೊಳೆಯಲು ಹೋದರು.

ಆಗ ನೀಲಿ ಪಟ್ಟಿಯನ್ನು ದೀಪದ ಕೆಳಗೆ ಎಳೆದುಕೊಂಡೆ. ತುದಿಯಿಂದ ತುದಿಗೆ ಉಗುರು ಆಡಿಸಿ, ಮಡಿಕೆ ಬಿಡಿಸಿ, ಬಕಲ್ಲಿನ ಹಿಂದೆಯೂ ಹುಡುಕಿದೆ. ಐದನೆಯ ಸಾಲು ಎಲ್ಲೂ ಇರಲಿಲ್ಲ. ಅವಳಿಗೆ ಅವರು ಗಾಜು ಒರೆಸುವ ಇನ್ನೊಬ್ಬ ಮನುಷ್ಯ, ಅಷ್ಟೇ.

ಹೊಟ್ಟೆ ತಣ್ಣಗಾಯಿತು. ಎದ್ದು ಅವರಿಗೂ ನನಗೂ ಊಟ ಬಡಿಸಿದೆ.