ಹನ್ನೆರಡು ರೋಗಿಗಳ ಗಿರಣಿ

2004ರ ಜೂನ್ 7, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಸಾಲಿಗ್ರಾಮದ ನಮ್ಮ ಅಕ್ಕಿ ಗಿರಣಿಗೆ ದಪ್ಪನೆಯ ಲಕೋಟೆಯೊಂದು ಬಂತು. ನಾನು ಹೊಸ ಭತ್ತದ ತೇವಾಂಶ ಅಳೆಯುತ್ತಿದ್ದೆ. ಗಿರಣಿಯ ಒಡತಿ, ನನ್ನ ಚಿಕ್ಕಮ್ಮ ಸುನಂದಮ್ಮ, ಲಕೋಟೆ ಒಡೆದು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

“ಪದ್ಮಶ್ರೀ, ನಮ್ಮಲ್ಲಿ ಕೆಲ್ಸ ಮಾಡೋರೆಲ್ಲಾ ಇಷ್ಟೊಂದು ಸೀಕಾಗಿದಾರೇನೆ?”

ಆರೋಗ್ಯ ವಿಮೆಗಾಗಿ ಕಳಿಸಿದ್ದ ನಮ್ಮ ಹನ್ನೆರಡು ಅರ್ಜಿಗಳನ್ನೂ ಕಂಪನಿ ವಾಪಸು ಕಳಿಸಿತ್ತು. ಈ ಗುಂಪಿನವರ ಆರೋಗ್ಯ ಸ್ಥಿತಿ ವಿಮೆಗೆ ತಕ್ಕುದಾಗಿಲ್ಲವಂತೆ.

ಅಲ್ಲಿಯವರೆಗೆ ನಾವು ಯಾರನ್ನು ಕೇಳಿದರೂ ಐವತ್ತು ಜನ ಕೆಲಸಗಾರರಿಲ್ಲದೆ ಗುಂಪು ವಿಮೆ ಆಗುವುದಿಲ್ಲ ಎನ್ನುತ್ತಿದ್ದರು. ವಿಮೆಯ ವ್ಯವಹಾರ ಖಾಸಗಿಯವರಿಗೂ ತೆರೆದುಕೊಂಡ ಮೇಲೆ ಬಂದ ಈ ಹೊಸ ಕಂಪನಿ ಹತ್ತು ಜನರಿದ್ದರೆ ಸಾಕು ಎಂದಿತ್ತು. ಚಿಕ್ಕಮ್ಮ ಕೂಡಲೇ ಒಪ್ಪಿದ್ದರು. ಅದಕ್ಕೆ ಕಾರಣ ನಮ್ಮ ಯಂತ್ರ ನಡೆಸುವ ಸ್ವಾಮಿ.

ಹೊಟ್ಟು ಬಿಡಿಸುವ ಯಂತ್ರದಲ್ಲಿ ಎರಡು ರಬ್ಬರ್ ರೋಲರ್‌ಗಳಿರುತ್ತವೆ. ನಡುವಿನ ಸಂದು ಕಿರಿದಾದರೆ ಅಕ್ಕಿ ಒಡೆದು ನುಚ್ಚಾಗುತ್ತದೆ, ಅಗಲವಾದರೆ ಭತ್ತ ಭತ್ತವಾಗಿಯೇ ಉಳಿಯುತ್ತದೆ. ಸ್ವಾಮಿ ಆ ಸಂದನ್ನು ಸದ್ದು ಕೇಳಿಯೇ ಹೊಂದಿಸುತ್ತಿದ್ದ. ಅವನು ರಜೆ ಹಾಕಿದ ದಿನ ನೂರು ಗ್ರಾಂ ಅಕ್ಕಿಯಲ್ಲಿ ಹದಿನೇಳು ಗ್ರಾಂ ನುಚ್ಚು ಬಂದದ್ದನ್ನು ನಾನೇ ತೂಗಿದ್ದೆ. ಎಂಬತ್ತು ಜನರಿರುವ ಕೆ.ಆರ್. ನಗರದ ಗಿರಣಿಯೊಂದು ಈಗ ಅವನನ್ನು ಕರೆದಿತ್ತು. ಸಂಬಳ ಅಷ್ಟೇ, ಆದರೆ ಬಿಲ್ಲನ್ನು ವಿಮೆಯವರೇ ಕಟ್ಟುವ ಆಸ್ಪತ್ರೆಯ ಕಾರ್ಡು ಕೊಡುತ್ತಿದ್ದರು. ಹಿಂದಿನ ವರ್ಷ ಹೆಂಡತಿ ಸುಧಾಳ ಅಪೆಂಡಿಕ್ಸ್ ಆಪರೇಷನ್ನಿಗೆ ಹಾಲು ಕರೆಯುವ ಹಸುವನ್ನೇ ಮಾರಿದ್ದವನು ಅವನು. ಜೂನ್ 14ಕ್ಕೆ ಅಲ್ಲಿ ಸೇರಬೇಕಿತ್ತು.

“ಕಾರ್ಡ್ ಕೊಡೋ ಕಡೀಕೋಗು ಅಂತಾ ಕುಂತವ್ಳೆ ಕಣವ್ವ. ನೀವೂ ಕೊಟ್ಬುಟ್ರೆ ನಾ ಯಾಕೋಗ್ಲಿ?” ಎಂದು ಅವನು ಚಿಕ್ಕಮ್ಮನಿಗೆ ಮೊದಲೇ ಹೇಳಿದ್ದ.

ನಾನು ಅರ್ಜಿಗಳನ್ನು ತಿರುವಿದೆ. ಎಲ್ಲದರಲ್ಲೂ ಒಂದೇ ದುಂಡನೆಯ ಕೈಬರಹ. ಎಪ್ಪತ್ತೈದು ಕಿಲೋ ಮೂಟೆಯನ್ನು ಹೂವಿನ ಬುಟ್ಟಿಯಂತೆ ಹೊರುವ ಹುಚ್ಚಯ್ಯ, ‘ಮಂಡಿನೋವು, ಸೊಂಟನೋವು, ಉಬ್ಬಸ ಮುಂತಾದ ಏಳು ಕಾಯಿಲೆಗಳಿಂದ ನರಳುತ್ತಾ ನಡೆಯಲೂ ಅಶಕ್ತನಾಗಿದ್ದು’ ವಿಮೆ ಕೋರಿದ್ದ. ಮೊರದಲ್ಲಿ ಕೇರುವ ಚಿಕ್ಕಬೀರಮ್ಮನಿಗೆ ಅರ್ಜಿಯ ಪ್ರಕಾರ ಎರಡು ಕಣ್ಣೂ ಕಾಣುತ್ತಿರಲಿಲ್ಲ.

ಬರೆದವನು ಕಂಠಪ್ಪ. ನಾಡಕಚೇರಿಯ ಮುಂದೆ ಹುಣಸೆ ಮರದಡಿ ಕೂತು ಇಪ್ಪತ್ತು ವರ್ಷದಿಂದ ಅರ್ಜಿ ಬರೆಯುತ್ತಿದ್ದವನು. ಚಿಕ್ಕಮ್ಮ ಕರೆಸಿದಾಗ ಬಹುಮಾನಕ್ಕೆಂದೇ ಬಂದವನಂತೆ ಬಂದು ನಿಂತ.

“ಏನ್ ಕಂಠಪ್ಪ, ಇದು?”

“ಯಾಕವ್ವ, ಕಮ್ಮಿ ಆಯ್ತಾ? ಇನ್ನೊಂದೆರಡು ಸೇರುಸ್ಬೋದಿತ್ತು. ಜಾಗ ಇರ್ನಿಲ್ಲ.”

“ಇವ್ರಿಗೆಲ್ಲಾ ಕಾಯ್ಲೆ ಇದೆ ಅಂತ ನಿಂಗ್ಯಾರು ಹೇಳಿದ್ದು?”

“ಅವ್ರೇಯ. ನಾನೂ ವಸಿ ನೆಪ್ಪು ಮಾಡ್ಕೊಟ್ಟೆ. ಅರ್ಜಿ ಅಂದ್ಮೇಕೆ ಕಷ್ಟ ಯೋಳ್ಕೋಬೇಡ್ವಾ? ಚೆಂದಾಗಿವ್ನಿ ಅಂದ್ರೆ ಯಾವ್ ಆಪೀಸ್ನೋರು ಕೊಟ್ಟಾರು? ನಾ ಬರ್ದಿರೋ ಪಿಂಚಣಿ ಅರ್ಜಿ ಒಂದಾರಾ ವಾಪಸ್ ಬಂದದಾ, ಕೇಳ್ನೋಡಿ.”

ಅವನ ತರ್ಕದಲ್ಲಿ ತಪ್ಪು ಹುಡುಕಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಸರ್ಕಾರಿ ಕಚೇರಿ ಕೊಡುವುದು ಕಷ್ಟದಲ್ಲಿರುವವರಿಗೆ, ವಿಮೆಯವರು ಕೈ ಹಿಡಿಯುವುದು ಕಷ್ಟ ಇನ್ನೂ ಬಾರದವರನ್ನು. ಮೊದಲನೆಯದನ್ನು ಮಾತ್ರ ಕಂಡಿದ್ದ ಊರಿನಲ್ಲಿ ಹನ್ನೆರಡು ಜನರೂ ಒಂದೇ ದಿಕ್ಕಿಗೆ ತಪ್ಪುವುದು ಸಹಜವೇ ಆಗಿತ್ತು.

ಹುಣಸೂರಿನಲ್ಲಿದ್ದ ಕಂಪನಿಯ ಏಜೆಂಟ್ ವಸಂತ್‌ಗೆ ಫೋನ್ ಮಾಡಿದೆ. ಅವನು ಬಹಳ ಹೊತ್ತು ನಕ್ಕ. ಆಮೇಲೆ, “ಗುರುವಾರ ನಮ್ಮ ಡಾಕ್ಟರನ್ನ ಕರ್ಕೊಂಡು ಬರ್ತೀನಿ ಮೇಡಂ. ಅವರು ಬರೆದುಕೊಟ್ಟರೆ ಹೊಸ ಅರ್ಜಿ ತಗೋತಾರೆ. ನಿಜ ಮಾತ್ರ ಹೇಳೋಕೆ ಹೇಳಿ” ಎಂದ.

ನಾನು ಎಲ್ಲರನ್ನೂ ಕೂರಿಸಿ ಎರಡು ಸಲ ತಿಳಿಸಿ ಹೇಳಿದೆ. ಆದರೂ ಗುರುವಾರ ಡಾಕ್ಟರ್ ನೀಲಕಂಠಸ್ವಾಮಿಯವರ ಕೊರಳಲ್ಲಿ ಸ್ಟೆತಸ್ಕೋಪ್ ಕಂಡದ್ದೇ ತಡ, ಹುಚ್ಚಯ್ಯ ಸೊಂಟದ ಮೇಲೆ ಕೈಯಿಟ್ಟು ಕೆಮ್ಮತೊಡಗಿದ.

“ಲೇ ಹುಚ್ಚಯ್ಯ, ಕೆಮ್ಬ್ಯಾಡ ಕಣ್ಲಾ,” ಎಂದು ಸ್ವಾಮಿ ಗದರಿದ. “ನೀ ಕೆಮ್ಮಿದ್ರೆ ನಾ ಕೆ.ಆರ್. ನಗರಕ್ಕೋಯ್ತೀನಿ.”

“ನಾನೇನ್ ಬೇಕಂತ ಕೆಮ್ತೀನಾ? ಡಾಕ್ಟ್ರುನ್ ನೋಡುದ್ರೆ ಅದೇ ಬತ್ತದೆ.”

ಅಷ್ಟರಲ್ಲಿ ಭತ್ತದ ಲಾರಿ ಬಂದು ನಿಂತಿತು. ಹುಚ್ಚಯ್ಯ ಕೆಮ್ಮು ಮರೆತು ಓಡಿದ. ಸಾಲಾಗಿ ಇಪ್ಪತ್ತೆರಡು ಮೂಟೆ ಬೆನ್ನ ಮೇಲೆ ಹೊತ್ತು ತಂದು ಹಾಕಿ, ಬೆವರು ಒರೆಸಿಕೊಂಡು ತಿರುಗಿದಾಗ ಡಾಕ್ಟರು ಎದುರಿಗೇ ನಿಂತಿದ್ದರು. ಚಿಕ್ಕಬೀರಮ್ಮ ಕೂತಲ್ಲಿಂದಲೇ ಅವರ ಅಂಗಿಯತ್ತ ಕೈ ತೋರಿಸಿ, “ಎಲ್ಡ್ನೇ ಗುಂಡಿ ಬುಟ್ಟೋಗದೆ ನೋಡಿ ಡಾಕ್ಟ್ರೆ” ಎಂದಳು. ಡಾಕ್ಟರು ಗುಂಡಿ ಹಾಕಿಕೊಂಡು ತಮ್ಮ ವರದಿಯಲ್ಲಿ ಅವಳ ಕಣ್ಣಿನ ಮುಂದೆ ‘ಸರಿಯಿದೆ’ ಎಂದು ಬರೆದರು.

ಹುಚ್ಚಯ್ಯನನ್ನು ಅರ್ಧ ಗಂಟೆ ಕೂರಿಸಿ ರಕ್ತದೊತ್ತಡ ನೋಡಿದರು. ನೂರೆಪ್ಪತ್ತರ ಮೇಲಿತ್ತು. ಹತ್ತು ನಿಮಿಷ ಬಿಟ್ಟು ನೋಡಿದರೂ ಅಷ್ಟೇ. ಹೇಳಿಕೊಂಡ ಏಳು ಕಾಯಿಲೆಗಳಲ್ಲಿ ಒಂದೂ ಅವನಿಗಿರಲಿಲ್ಲ. ಇದ್ದ ಒಂದು ಅವನಿಗೆ ಗೊತ್ತೇ ಇರಲಿಲ್ಲ.

“ದಿನಾ ಒಂದು ಮಾತ್ರೆ ತಗೋಬೇಕು. ಉಪ್ಪು ಕಡಿಮೆ,” ಎಂದರು ಡಾಕ್ಟರು.

“ಇದ್ನೂ ಬರೀತೀರಾ? ಸ್ವಾಮಿ ಒಂಟೋಯ್ತಾನೆ ಕಣ್ರೀ.”

“ಇದನ್ನ ಬರೀಲೇಬೇಕು.”

ಹೊಸ ಅರ್ಜಿಗಳನ್ನು ನಾನೇ ತುಂಬಿದೆ. ಹುಚ್ಚಯ್ಯನ ರಕ್ತದೊತ್ತಡ ಬರೆಯುವಾಗ ಮಾತ್ರ ನನ್ನ ಪೆನ್ನು ಸ್ವಲ್ಪ ನಿಂತಿತು. ಸ್ವಾಮಿ ಪಕ್ಕದಲ್ಲೇ ನೋಡುತ್ತಿದ್ದ. “ಬರೀರಿ,” ಎಂದ. “ನಾಳೆ ಇವ್ನು ಆಸ್ಪತ್ರೆ ಸೇರುದ್ರೆ ಸುಳ್ಳೇಳಿದ್ರಿ ಅಂತ ಅವ್ರು ಕೊಡ್ದಿದ್ರೆ ಏನ್ ಬಂತು?”

ಶನಿವಾರ ಸಂಜೆ ಬಸ್ ನಿಲ್ದಾಣದ ಎಸ್‌ಟಿಡಿ ಬೂತಿಗೆ ಫ್ಯಾಕ್ಸ್ ಬಂತು. ಹನ್ನೆರಡು ಜನರನ್ನೂ, ಅವರ ಮನೆಯವರನ್ನೂ ಸೇರಿಸಿಕೊಂಡಿದ್ದರು. ಹುಚ್ಚಯ್ಯನ ರಕ್ತದೊತ್ತಡದ ಖರ್ಚು ಮಾತ್ರ ಮೊದಲ ವರ್ಷಕ್ಕೆ ಸೇರುತ್ತಿರಲಿಲ್ಲ. ಮಾತ್ರೆಯ ದುಡ್ಡು ತಾನು ಕೊಡುತ್ತೇನೆ ಎಂದರು ಚಿಕ್ಕಮ್ಮ. ಸ್ವಾಮಿ ಆ ಫ್ಯಾಕ್ಸಿನದೊಂದು ಜೆರಾಕ್ಸ್ ಮಾಡಿಸಿ ಸುಧಾಗೆ ತೋರಿಸಲು ಮನೆಗೆ ಒಯ್ದ.

ಜೂನ್ 14ರ ಸೋಮವಾರ, ಕೆ.ಆರ್. ನಗರದ ಬಸ್ಸು ಹೋದ ಸದ್ದಾದಾಗ ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು. ಐದು ನಿಮಿಷಕ್ಕೆ ಸ್ವಾಮಿ ಬುತ್ತಿ ಹಿಡಿದು ಗೇಟಿನೊಳಗೆ ಬಂದ.

“ಏನಂದ್ಲೋ ಸುಧಾ?”

“ಸಣ್ಣಕ್ಸರ್ದಲ್ಲಿರೋದ್ನೂ ಬುಡ್ದೆ ಓದುದ್ಲು ಕಣವ್ವ. ಆಮೇಕೆ ಬುತ್ತಿ ಕಟ್ಟುದ್ಲು.”

ಅವನು ಯಂತ್ರದ ಪಕ್ಕ ತಲೆ ಓರೆ ಮಾಡಿ ನಿಂತು ಸದ್ದು ಕೇಳಿ, ತಿರುಪನ್ನು ಕಾಲು ಸುತ್ತು ಸಡಿಲಿಸಿದ. ನಾನು ನೂರು ಗ್ರಾಂ ಅಕ್ಕಿ ತೆಗೆದುಕೊಂಡು ನುಚ್ಚನ್ನು ಬೇರ್ಪಡಿಸಿ ತಕ್ಕಡಿಗೆ ಹಾಕಿದೆ. 9.4 ಗ್ರಾಂ ಇತ್ತು.