ಗೋರಿದಿನ್ನೆಯ ಮಣ್ಣು

“ಯಾಕಲೇ ನಿಂತ್ರಿ, ಹಲ್ಕಟ್ ಸೂಳೆಮಕ್ಕಳ್ರಾ? ಹುಟ್ಟಿದಾಗಿಂದ ಎಲುಬು ಕಂಡಿಲ್ಲೇನು? ಬುಟ್ಟೀಗೆ ಹಾಕ್ರಿ, ಒಡ್ಡಿಗೆ ಚೆಲ್ರಿ. ಅದೂ ಮಣ್ಣ.”

ಹಳ್ಳದ ಆಚೆ ದಂಡೆಯಲ್ಲಿ ಕೊಡೆ ಹಿಡಿದು ನಿಂತಿದ್ದ ಮಾಲತೇಶಗೌಡ ಕೂಗಿದ. ಈಚೆ ದಂಡೆಯ ಗೋರಿದಿನ್ನೆಯನ್ನು ಅಗೆಯುತ್ತಿದ್ದ ಕೇರಿಯ ಆಳುಗಳ ಗುದ್ದಲಿಗಳು ಎತ್ತಿದಲ್ಲೇ ತಡೆದು ನಿಂತಿದ್ದವು. ಹಸಿಮಣ್ಣಿನ ನಡುವೆ ತೋಳಿನ ಎಲುಬೊಂದು ಹೊರಗೆ ಬಿದ್ದಿತ್ತು. ಅದರ ಮಗ್ಗುಲಲ್ಲಿ ಕಿಲುಬುಗಟ್ಟಿದ ತಾಮ್ರದ ಕಡಗವಿತ್ತು.

ಗದಿಗೆವ್ವ ಬುಟ್ಟಿಯನ್ನು ಕೆಳಗಿಟ್ಟು ಕುಕ್ಕರುಗಾಲಿನಲ್ಲಿ ಕುಳಿತಳು. ಕಡಗವನ್ನು ಸೆರಗಿನಿಂದ ಒರೆಸಿದಳು.

“ನಮ್ಮ ಮನಿಯವ್ರು,” ಎಂದಳು.

ಎಲ್ಲರ ಕಣ್ಣೂ ಲಕ್ಕಪ್ಪನತ್ತ ತಿರುಗಿದವು. ಉದ್ಯೋಗ ಖಾತ್ರಿಯ ಕೆಲಸಕ್ಕೆ ಕೇರಿಯ ಆಳುಗಳನ್ನು ಕೂಡಿಸಿ ಕರೆತರುವವನು ಅವನು. ಗದಿಗೆವ್ವನ ಗಂಡ ಅವನಿಗೆ ಸ್ವಂತ ದೊಡ್ಡಪ್ಪ.

“ಅಂಚಿನ ಮಣ್ಣು ಅಷ್ಟ ತಗೀತೀವಿ, ಗೋರಿ ಮುಟ್ಟಂಗಿಲ್ಲ ಅಂದಿದ್ದೆಲ್ಲೋ ಲಕ್ಯಾ,” ಎಂದಳು ಗದಿಗೆವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

“ದೊಡ್ಡವ್ವ, ನಾಳಿಗೆ ಬ್ಯಾರೆ ಕಡೆ ಅಗಸ್ತೇನಿ,” ಎಂದ. ಮರುದಿನವೂ ಅಲ್ಲಿಯೇ ಅಗೆಸಿದ.

ಮಳೆಗಾಲದಲ್ಲಿ ಹಳ್ಳ ತುಂಬಿದರೆ ನೀರು ಗೌಡನ ತಗ್ಗುಹೊಲದ ಮೇಲೆ ಹರಡಿಕೊಂಡು, ಒಂದೆರಡು ದಿನ ನಿಂತು, ಗೋಡುಮಣ್ಣು ಬಿಟ್ಟು ಇಳಿಯುವುದು ಅಜ್ಜಂದಿರ ಕಾಲದಿಂದಲೂ ನಡೆದುಬಂದ ಕ್ರಮ. ಈಚೆ ದಂಡೆಯಲ್ಲಿ ಕೇರಿಯವರು ತಮ್ಮ ಸತ್ತವರನ್ನು ಹೂಳುತ್ತ, ಮೇಲೆ ಮಣ್ಣು ಏರಿಸುತ್ತ ಬಂದ ದಿನ್ನೆಯೇ ಕೇರಿಗೆ ಒಡ್ಡಾಗಿತ್ತು. ಸತ್ತವರು ಇದ್ದವರನ್ನು ಕಾಯುತ್ತಿದ್ದರು. ಈಗ ಆ ತಗ್ಗುಹೊಲದಲ್ಲಿ ಗೌಡ ರಾಣೆಬೆನ್ನೂರಿನ ಕಂಪನಿಯೊಂದಕ್ಕೆ ಹೈಬ್ರಿಡ್ ಬೀಜ ಬೆಳೆಯುತ್ತಿದ್ದ. ನೀರು ನಿಂತರೆ ಪ್ಲಾಟು ಹೋಯಿತು. ಹೀಗೆ ಪ್ರವಾಹ ತಡೆಯುವ ಕಾಮಗಾರಿ ಆಚೆ ದಂಡೆಗಷ್ಟೇ ಮಂಜೂರಾಯಿತು. ಒಡ್ಡಿಗೆ ಬೇಕಾದ ಮಣ್ಣು ಹತ್ತಿರದಲ್ಲೆಲ್ಲೂ ಇರಲಿಲ್ಲ, ದಿನ್ನೆಯ ಹೊರತು.

ಅಗೆತ ಶುರುವಾಗುವ ಮೊದಲು ಗೌಡ ಲಕ್ಕಪ್ಪನನ್ನು ಮನೆಗೆ ಕರೆಸಿದ್ದ.

“ಬಾ ಲಕ್ಕಪ್ಪ. ಕುಂದ್ರು.”

ಹಳ್ಳದ ಆ ದಂಡೆಯಲ್ಲಿ ಅವನು ಹುಟ್ಟಿದಾಗಿನಿಂದ ಲಕ್ಯಾ ಆಗಿದ್ದ. ಅವನಪ್ಪ ದುರ್ಗಪ್ಪ ಸಾಯುವ ತನಕ ದುರ್ಗ್ಯಾನೇ ಆಗಿದ್ದ. ಲಕ್ಕಪ್ಪ ಕಟ್ಟೆಯ ಅಂಚಿಗೆ, ಎದ್ದು ಓಡಲು ಅನುವಾದವನಂತೆ ಕುಳಿತ. ಸ್ಟೀಲ್ ಲೋಟದಲ್ಲಿ ಚಹಾ ಬಂತು.

“ನಿಮ್ಮ ಮಂದಿ ನಿನ್ನ ಮಾತು ಕೇಳ್ತಾರ, ಲಕ್ಕಪ್ಪ. ದಿನ್ನಿ ಮಣ್ಣು ಒಂದೀಟು ತಗಸು. ಸತ್ತವ್ರಿಗೆ ಏನ್ ತ್ರಾಸಾಕ್ಕೈತಿ?”

“ಆತ್ರಿ ಗೌಡ್ರ.”

ಚಹಾ ಆರುವ ಮೊದಲೇ ಹೇಳಿಬಿಟ್ಟಿದ್ದ. ಮನೆಗೆ ಹೊರಟು ಹಿತ್ತಲನ್ನು ಬಳಸಿ ಬರುವಾಗ, ಆಳು ಅದೇ ಲೋಟವನ್ನು ಬೂದಿಯಲ್ಲಿ ತಿಕ್ಕಿ ದನದ ಕೊಟ್ಟಿಗೆಯ ಗೂಟಕ್ಕೆ ಸಿಕ್ಕಿಸುವುದನ್ನು ಕಂಡ. ಕಂಡೂ ಕೇರಿಗೆ ಬಂದು, ಗೌಡರು ತನ್ನನ್ನು ಕೂಡಿಸಿ ಚಹಾ ಕೊಟ್ಟರೆಂದೇ ಹೇಳಿದ.

ಒಡ್ಡು ಮುಗಿದ ದಿನ ಪೂಜೆಯಾಯಿತು. ಅಯ್ನೋರು ಮಂತ್ರ ಹೇಳಿ, ಕಲಶದ ನೀರು ಪ್ರೋಕ್ಷಿಸಿ, ಅರಿಸಿನ ಕುಂಕುಮ ಏರಿಸಿ, ಕಾಯಿ ಒಡೆದರು. ಮಣ್ಣು ಹೊತ್ತವರೆಲ್ಲ ಕೆಳಗೆ ಕೆಸರಿನಲ್ಲಿ ನಿಂತಿದ್ದರು. ಗದಿಗೆವ್ವ ಒಂದು ಮುಷ್ಟಿ ಚೆಂಡುಹೂ ಹಿಡಿದು ಒಡ್ಡನ್ನು ಹತ್ತತೊಡಗಿದಳು.

“ಏ ಮುದುಕಿ, ಇಳಿ ಕೆಳಗ,” ಎಂದರು ಅಯ್ನೋರು. “ಪೂಜಿ ಆಗೇತಿ. ಮೈಲಿಗಿ ಮಾಡಬ್ಯಾಡ.”

“ನಿನ್ನಿ ತನಕಾ ಇದ ಕಾಲಿಲೆ ತುಳದು ಗಟ್ಟಿ ಮಾಡೇನ್ರಿ. ಆಗ ಮೈಲಿಗಿ ಆಗಲಿಲ್ಲೇನ್ರಿ?”

“ಆಗ ಮಣ್ಣಿತ್ತು. ಈಗ ದೇವರೈತಿ.”

“ಇದ್ರೊಳಗ ನನ್ನ ಗಂಡ ಅದಾನ್ರಿ ಅಯ್ನಾರ. ಅವನ್ನ ಹೆಂಗ ಇಳಸ್ತೀರಿ?”

ಕೆಳಗೆ ಯಾರೋ ಕಿಸಕ್ಕನೆ ನಕ್ಕರು. ಗೌಡನ ಮುಖ ಕಪ್ಪಿಟ್ಟಿತು. ಅವನು ಮುದುಕಿಯನ್ನು ಬೈಯಲಿಲ್ಲ. ಲಕ್ಕಪ್ಪನ ಕಡೆ ತಿರುಗಿದ.

“ಲಕ್ಕಪ್ಪ, ನಿಮ್ಮಾಕೀನ ನೀನ ಇಳಸಪಾ.”

ಲಕ್ಕಪ್ಪ ಹತ್ತಿ ಹೋಗಿ ಗದಿಗೆವ್ವನ ರಟ್ಟೆ ಹಿಡಿದ. ಅವಳು ಕೊಸರಲಿಲ್ಲ. ಹೂವು ಅವಳ ಕೈಯಿಂದ ಇಳಿಜಾರಿನ ಗುಂಟ ಚೆಲ್ಲುತ್ತ ಬಂತು. ಕೆಳಗೆ ಮುಟ್ಟಿದ ಮೇಲೆ ಹೇಳಿದಳು, ಅವನಿಗಷ್ಟೇ ಕೇಳುವಂತೆ:

“ಕೈ ಬಿಡಪಾ, ಗೌಡ್ರ ಲಕ್ಕಪ್ಪ.”

ಅಂದಿನಿಂದ ಅವಳು ಅವನನ್ನು ಲಕ್ಯಾ ಎಂದು ಕರೆಯಲಿಲ್ಲ. ಯಾವ ಹೆಸರಿನಿಂದಲೂ ಕರೆಯಲಿಲ್ಲ. ಕುಪ್ಪೇಲೂರಿನ ಬಸ್ಸಿನಲ್ಲಿ ಅವನು ಮಗ್ಗುಲಿಗೇ ಬಂದು ಕುಳಿತರೂ ಕಿಟಕಿಯ ಆಚೆ ನೋಡುತ್ತಿದ್ದಳು. ಅವನಿಗೆ ಉಣ್ಣುವಾಗ ಬೆರಳ ಸಂದಿನಲ್ಲಿ ದಿನ್ನೆಯ ಮಣ್ಣು ಉಳಿದಂತೆನಿಸುತ್ತಿತ್ತು. ಎರಡು ಸಲ ತೊಳೆಯುತ್ತಿದ್ದ.

ಶ್ರಾವಣದ ಮಳೆ ಹಗಲಿರುಳು ಜಡಿಯಿತು. ಮುಂಜಾನೆ ಹಳ್ಳ ಕೆಂಪಗೆ ತಿರುಗಿ ಏರಿತು. ಹರಡಿಕೊಳ್ಳಲು ಹೊಲದ ಕಡೆ ಹೋದ ನೀರು ಹೊಸ ಒಡ್ಡಿಗೆ ಬಡಿದು, ಹಿಂತಿರುಗಿ, ದಿನ್ನೆಯಿದ್ದ ಜಾಗದ ಗುಂಡಿಗಳನ್ನು ತುಂಬಿಕೊಂಡು ನೇರವಾಗಿ ಕೇರಿಗೆ ನುಗ್ಗಿತು. ಮಂದಿ ಕೂಸುಗಳನ್ನೂ ಆಡುಗಳನ್ನೂ ಎತ್ತಿಕೊಂಡು ಗುಡಿಸಲುಗಳ ಹಿಂದಿನ ಏರಿಗೆ ಹತ್ತಿದರು. ಗದಿಗೆವ್ವನ ಗುಡಿಸಲಿನ ಹಿಂಬದಿಯ ಗೋಡೆ ನೆನೆದು ಕುಳಿತೇ ಬಿಟ್ಟಿತು.

ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದ ಅವಳಿಗೆ ಲಕ್ಕಪ್ಪ ಕೈ ಚಾಚಿದ.

“ಬಾ ದೊಡ್ಡವ್ವ.”

ಅವಳು ಆ ಕೈಯನ್ನು ನೋಡಿದಳು. ಅದು ತನ್ನನ್ನು ಇಳಿಸಿದ ಕೈ. ಗೋಡೆಯ ಗುಂಟ ತಾನೇ ತಡಕಾಡುತ್ತ ನಡೆದಳು.

ಲಕ್ಕಪ್ಪ ಗುದ್ದಲಿ ತೆಗೆದುಕೊಂಡ. ರಸ್ತೆಯ ಸೇತುವೆ ದಾಟಿ ಒಡ್ಡಿನ ಬುಡಕ್ಕೆ ಬಂದ. ಅರಿಸಿನ ತೊಳೆದು ಹೋಗಿತ್ತು. ಒಡೆದ ಕಾಯಿಯ ಚಿಪ್ಪೊಂದು ಮಣ್ಣಿನಲ್ಲಿ ಹೂತಿತ್ತು. ಬಗ್ಗಿ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡ.

“ದೊಡ್ಡಪ್ಪ, ತಪ್ಪಾತು,” ಎಂದು ಬರಿಗಾಲಿನಲ್ಲಿ ಹತ್ತಿದ. ಮೊದಲ ಏಟು ಹಾಕಿದ.

ಬಿಗಿಯಾಗಿ ತುಳಿದ ಮಣ್ಣು. ತುಳಿಸಿದವನೂ ಅವನೇ. ಗುದ್ದಲಿ ಪುಟಿಯುತ್ತಿತ್ತು. ಗೌಡ ಬೀಜದ ಪ್ಲಾಟಿನ ಬದುವಿನ ಮೇಲೆ, ಪಂಚೆ ಎತ್ತಿ ಹಿಡಿದು ಜಾರುತ್ತ ಬಂದ.

“ಲಕ್ಕಪ್ಪ, ಏ ಲಕ್ಕಪ್ಪ, ಇಳಿಯಪಾ ಕೆಳಗ. ನೀ ಶಾಣ್ಯಾ ಮನಶ್ಯಾ. ಕುಂತು ಮಾತಾಡೂಣು.”

“ಲಕ್ಯಾ ಅನ್ರಿ ಗೌಡ್ರ.”

“ಲಕ್ಕಪ್ಪ, ನಿನ್ನ ಕಾಲು ಬೀಳ್ತೇನಿ, ಪ್ಲಾಟ್ ಹಾಳಾಗಿ ಹೊಕ್ಕೈತಿ.”

“ಹೊಕ್ಕೈತ್ರಿ.”

“ಲಕ್ಯಾ, ಬೋಳಿಮಗನ, ಜೇಲಿನ್ಯಾಗ ಕೊಳಸ್ತೇನಿ ನಿನ್ನ.”

“ಹಾಂ, ಈಗ ಖರೇ ಮಾತಾಡಿದ್ರಿ,” ಎಂದು ಲಕ್ಕಪ್ಪ ಮತ್ತೆ ಗುದ್ದಲಿ ಎತ್ತಿದ.

ಒಡ್ಡಿನ ನೆತ್ತಿಯಲ್ಲಿ ಕಾಲುವೆಯಷ್ಟು ಅಗಲದ ಬಾಯಿ ಬಿಡುತ್ತಿತ್ತು. ನೀರಿನ ಮೊದಲ ಎಳೆ ಹೊಲದ ಕಡೆ ಜಿನುಗಿತು. ಅಗೆದ ಮಣ್ಣನ್ನು ಅವನು ಕಾಲಿನಿಂದ ಹಳ್ಳದ ಕಡೆ ನೂಕುತ್ತಿದ್ದ. ಹಿಂದೆ ಯಾರೋ ಬಂದು ನಿಂತರು. ತಿರುಗಿದ.

ಗದಿಗೆವ್ವ ಸೇತುವೆ ದಾಟಿ ಬಂದಿದ್ದಳು. ಮೈಗೆ ಅಂಟಿದ ಒದ್ದೆ ಸೀರೆ. ಕೈಯಲ್ಲಿ ಅದೇ ಬುಟ್ಟಿ. ಅದನ್ನು ಅವನ ಗುದ್ದಲಿಯ ಮುಂದೆ ಇಟ್ಟಳು.

“ಹಳ್ಳಕ್ಕ ಚೆಲ್ಲಬ್ಯಾಡ,” ಎಂದಳು. “ಇದಕ್ಕ ಹಾಕು. ಎಲ್ಲಿಂದ ತಂದೇನಿ, ಅಲ್ಲಿಗೇ ಹೊರ್ತೇನಿ.”

ಗೌಡ ಕೆಳಗಿನಿಂದ ಬೈಯುತ್ತಲೇ ಇದ್ದ. ಲಕ್ಕಪ್ಪ ಅವಳ ಮುಖ ನೋಡಲಾರದೆ, ಬುಟ್ಟಿಯನ್ನಷ್ಟೇ ನೋಡುತ್ತ ಮಣ್ಣು ತುಂಬತೊಡಗಿದ.