ನಡು ಇಲ್ಲದ ಹೊಲ

ದರ್ಜಿಯ ಹೊಲಕ್ಕೆ ನಡು ಇರಲಿಲ್ಲ.

ನಾಲ್ಕು ಮೂಲೆ ಇದ್ದವು. ಬದು ಇತ್ತು, ಬೇಲಿ ಇತ್ತು, ಅಪ್ಪ ಸತ್ತ ಮೇಲೆ ಕಂದಾಯವೂ ಅವಳ ಹೆಸರಿಗೇ ಬರುತ್ತಿತ್ತು. ನಡುವೆ ಮಾತ್ರ, ಇಸ್ತ್ರಿಪೆಟ್ಟಿಗೆ ಇಟ್ಟು ಮರೆತ ಬಟ್ಟೆಯ ಹಾಗೆ, ದೊಡ್ಡದೊಂದು ತೂತು. ಇಣುಕಿದರೆ ಕತ್ತಲು. ಕಲ್ಲು ಹಾಕಿದರೆ ಸದ್ದು ಕೇಳುವಷ್ಟರಲ್ಲಿ ಹಾಕಿದವರಿಗೇ ಮರೆತುಹೋಗಿರುತ್ತಿತ್ತು.

ಮಳೆ ಬಂದಾಗಲೆಲ್ಲ ಅಂಚು ಕುಸಿಯುತ್ತಿತ್ತು. ಹೋದ ವರ್ಷ ಬದನೆಯ ಸಾಲು ನುಂಗಿತು. ಈ ವರ್ಷ ಈರುಳ್ಳಿ ಪಾತಿಯ ಪಕ್ಕ ಬಂದು ಬಾಯಿ ತೆರೆದು ನಿಂತಿತ್ತು. ಹೊಲ ನೋಡಿಕೊಳ್ಳುತ್ತಿದ್ದವನು ಚಿಕ್ಕಪ್ಪ. ಅವಳು ಪೇಟೆಯ ಬೀದಿಯಲ್ಲಿ ಹೊಲಿಗೆ ಮಿಷನ್ನು ತುಳಿಯುತ್ತಿದ್ದಳು. ಇಬ್ಬರ ಹೊಟ್ಟೆಯೂ ಅರ್ಧ ಹೊಲದಿಂದ, ಅರ್ಧ ಮಿಷನ್ನಿನಿಂದ ತುಂಬುತ್ತಿತ್ತು.

"ಇನ್ನೆರಡು ಮಳೆ ಅಷ್ಟೇ ಮಗಳೇ," ಎಂದ ಚಿಕ್ಕಪ್ಪ. "ಆಮೇಲೆ ಬದುವಿನ ಮೇಲೆ ಬೇಸಾಯ."

ಅದು ಗಣಿ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತಾತನ ಕಾಲದಲ್ಲಿ ಧಣಿ ಬಂದ. ನೆಲದಡಿ ಅದಿರಿದೆ, ತೆಗೆದುಕೊಂಡು ಹೋಗುತ್ತೇನೆ, ಮುಗಿದ ಮೇಲೆ ಮುಚ್ಚಿ ಅಂಗೈಯಷ್ಟು ಸಮ ಮಾಡಿಕೊಡುತ್ತೇನೆ ಎಂದ. ತಾತ ನಂಬಿದ. ನಂಬದೆ ಇರುವುದಕ್ಕೆ ಧಣಿ ಅವಕಾಶ ಕೊಟ್ಟಿರಲಿಲ್ಲ. ತಾತನ ಮಕ್ಕಳಿಬ್ಬರೂ ತಮ್ಮದೇ ಹೊಲದೊಳಕ್ಕೆ ಕೂಲಿಗೆ ಇಳಿದರು. ದೊಡ್ಡ ಮಗ, ದರ್ಜಿಯ ಅಪ್ಪ, ಧೂಳು ಕುಡಿದು ಕೆಮ್ಮಿ ಸತ್ತ. ಕಿರಿದಾದ ಬಿಲಕ್ಕೆಲ್ಲ ನುಗ್ಗುತ್ತಿದ್ದ ಚಿಕ್ಕಪ್ಪನಿಗೆ ಇಲಿ ಎಂಬ ಹೆಸರು ಬಿತ್ತು. ಅದಿರು ಮುಗಿದ ದಿನ ಧಣಿ ರಾಟೆ ಬಿಚ್ಚಿಸಿದ, ಹಳಿ ಕೀಳಿಸಿದ, ತಗಡು ಇಳಿಸಿದ, ಬಾಗಿದ ಮೊಳೆಗಳನ್ನೂ ಆರಿಸಿಕೊಂಡು ಹೋದ. ಗುಂಡಿಯೊಂದನ್ನು ಬಿಟ್ಟ. ಅದನ್ನು ಹೊರುವ ಲಾರಿ ಇರಲಿಲ್ಲ.

ಅದನ್ನು ಮುಚ್ಚಿಸಿಕೊಡಿ ಎಂದು ದರ್ಜಿ ಕೇಳಲು ಹೋದಾಗ ಗಣಿ ಕಚೇರಿಯ ಗುಮಾಸ್ತ ಕಂಪ್ಯೂಟರಿನಲ್ಲಿ ಹುಡುಕಿ, ಆ ಹೊಲದಲ್ಲಿ ಗಣಿಯೇ ಇಲ್ಲ ಎಂದ.

"ಮತ್ತೆ ಅಲ್ಲಿರೋದು ಏನಣ್ಣ?"

"ಗುಂಡಿ."

"ಯಾರೋ ಅಗೆದಿದ್ದಕ್ಕೆ ತಾನೇ ಗುಂಡಿ ಆಗಿರೋದು?"

"ಗುಂಡಿ ತಾನಾಗೇ ಆಗ್ಬಹುದು ಕಣಮ್ಮ. ಗಣಿ ಆಗಲ್ಲ."

ಗುಂಡಿಯಾದರೆ ಹೊಲದವರೇ ಮುಚ್ಚಿಕೊಳ್ಳಬೇಕಂತೆ. ಗಣಿಯಾದರೆ ತೋಡಿದವರ ಕೈಯಲ್ಲಿ ಇಲಾಖೆ ಮುಚ್ಚಿಸುತ್ತದಂತೆ. ಅಷ್ಟು ಮಣ್ಣು ಹೊಡೆಸಬೇಕೆಂದರೆ ಅವಳು ಊರಿಗೆಲ್ಲ ಅಂಗಿ ಹೊಲಿದರೂ ಸಾಲದು. ಗುಮಾಸ್ತನಿಗೆ ಕನಿಕರ ಬಂತು. ಗಣಿಯ ಇತಿಹಾಸ ತನ್ನಿ, ಆಮೇಲೆ ನೋಡೋಣ ಎಂದ. ಮೂಲೆಯಂಗಡಿಗೆ ಹೋಗಿ ಉಪ್ಪು ತನ್ನಿ ಎನ್ನುವಷ್ಟು ಸಲೀಸಾಗಿ.

ಹೀಗೆ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಇತಿಹಾಸಕ್ಕೆ ಇಳಿದಳು. ಭಾನುವಾರ ಮಿಷನ್ನಿಗೆ ಬಟ್ಟೆ ಹೊದಿಸಿ ಹಳೆಯ ಗಣಿಯಾಳುಗಳನ್ನು ಹುಡುಕಿಕೊಂಡು ಹೋಗುವಳು. ಅವರು ಪೇಟೆಯ ಹಿಂದಿನ ಓಣಿಗಳಲ್ಲಿ, ಮಕ್ಕಳ ಮನೆಯ ಮೂಲೆಗಳಲ್ಲಿ ಕೂತು ಕೆಮ್ಮುತ್ತಿದ್ದರು. ಕೆಮ್ಮಿನ ಸದ್ದು ಹಿಡಿದು ಹೋದರೆ ಮನೆ ಸಿಗುತ್ತಿತ್ತು. ಬಾಯಿ ಮಾತ್ರ ಯಾರೂ ಬಿಡಲಿಲ್ಲ. ಅಟ್ಟ ಮೇಲೆ ಒಲೆ ಉರಿದ ಹಾಗೆ ಈಗ ಬಂದಿದ್ದೀಯಲ್ಲೇ ಎಂದು ಹಳೇ ಮೇಸ್ತ್ರಿ ಮುಖ ತಿರುಗಿಸಿದ. ಅವಳು ಸೂಜಿ ತೆಗೆದು ಅವನ ಅಂಗಿಯ ಗುಂಡಿ ಹೊಲಿಯುತ್ತ ಕೂತಳು. ಮೂರನೇ ಗುಂಡಿಗೆ ಮೇಸ್ತ್ರಿ ಮಾತಾಡಿದ.

ಒಬ್ಬ ದೀಪದ ಕಥೆ ಹೇಳಿದ. ಒಳಗೆ ಕತ್ತಲು ಪುಕ್ಕಟೆ, ದೀಪದೆಣ್ಣೆಗೆ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು. ಅದಿರು ಹೊರುತ್ತಿದ್ದ ಅಜ್ಜಿ, ಗುಂಡಿಯ ದಡದಲ್ಲೇ ಹೆತ್ತ ದಿನ ಅರ್ಧ ಕೂಲಿ ಹಿಡಿದದ್ದನ್ನು ಇನ್ನೂ ಕ್ಷಮಿಸಿರಲಿಲ್ಲ. ಆ ಮಗ ಈಗ ಕೆಲಸದಿಂದ ನಿವೃತ್ತನಾಗಿ ಅವಳ ಪಕ್ಕದಲ್ಲೇ ಕೂತು ತಲೆಯಾಡಿಸುತ್ತಿದ್ದ.

ಧಣಿಯ ಮೊಮ್ಮಗನನ್ನೂ ಅವಳು ಬಿಡಲಿಲ್ಲ. ಗಾಜಿನ ಕಟ್ಟಡದ ಮೂರನೇ ಮಹಡಿಯಲ್ಲಿ, ತಣ್ಣನೆಯ ಕೋಣೆಯಲ್ಲಿ ಅವನ ಆಫೀಸು. ತಾತ ಬಟ್ಟೆ ವ್ಯಾಪಾರಿ, ಗಣಿಗಿಣಿ ತಮ್ಮ ವಂಶದಲ್ಲೇ ಇಲ್ಲ ಎಂದ. ಅವನ ತಲೆಯ ಮೇಲೆ ತಾತನ ದೊಡ್ಡ ಫೋಟೊ ಇತ್ತು. ಕಬ್ಬಿಣದ ಟೋಪಿ, ಟೋಪಿಯ ಹಣೆಗೆ ದೀಪ.

"ಬಟ್ಟೆ ಅಂಗಡೀಲಿ ಅಷ್ಟು ಕತ್ತಲಿತ್ತಾ ಸಾರ್?" ಎಂದು ಅವಳು ಕೇಳಿದಳು.

"ತಾತಂಗೆ ಟೋಪಿ ಅಂದ್ರೆ ಆಸೆ," ಎಂದ ಮೊಮ್ಮಗ.

ಕೊನೆಗೆ ಅವಳು ಸಿಕ್ಕ ಇತಿಹಾಸವನ್ನೆಲ್ಲ, ಎಂದರೆ ಆರು ಮಂದಿಯನ್ನು, ಬಸ್ಸು ಹತ್ತಿಸಿ ಗಣಿ ಕಚೇರಿಗೆ ಕರೆದೊಯ್ದಳು. ಸಾಹೇಬರು ಸಹನೆಯಿಂದ ಕೇಳಿದರು. ಮುದುಕರ ಮಾತು ಪುರಾವೆಯಲ್ಲ ಎಂದರು. ಕೆಮ್ಮೂ ಪುರಾವೆಯಲ್ಲ, ಅದು ಬೀಡಿಯಿಂದಲೂ ಬರುತ್ತದೆ ಎಂದರು. ತಾನು ಬೀಡಿ ಮುಟ್ಟಿದವನಲ್ಲ ಎಂದ ಮೇಸ್ತ್ರಿ. ಹಾಗಾದರೆ ಪಕ್ಕದವರು ಸೇದಿರಬೇಕು ಎಂದರು ಸಾಹೇಬರು.

"ನೋಡಮ್ಮ, ಗಣಿ ಅಂದ್ಮೇಲೆ ಅದು ಗಣಿ ಹಾಗೆ ಕಾಣ್ಬೇಕು. ಒಳಗೆ ಅದಿರಿದೆ ಅಂತ ತೋರ್ಸು. ಬುಧವಾರ ನಾನೇ ಬರ್ತೀನಿ."

ಮುದುಕರಿಗೆ ಇಷ್ಟು ಸಾಕಾಯಿತು. ಕೋಲು ಹಿಡಿದು ನಡೆಯುತ್ತಿದ್ದವರು ಕೋಲು ಮರೆತು ಹೊಲಕ್ಕೆ ಬಂದರು. ಗುಂಡಿಯ ಸುತ್ತ ಬೆಳೆದ ಮುಳ್ಳು ಸವರಿದರು. ಪಕ್ಕದ ಹೊಲದ ಬಾವಿಯಿಂದ ರಾಟೆ ಎರವಲು ತಂದು ಮರದ ತೊಲೆಗೆ ಕಟ್ಟಿದರು. ಹೊಸ ಹಗ್ಗ ಕೊಂಡರು. ಸಾಹೇಬರು ಬರುವಾಗ ಗಣಿ ಹಾಳುಬಿದ್ದಿದ್ದರೆ ಮರ್ಯಾದೆ ಯಾರದು ಎಂದು ಮೇಸ್ತ್ರಿ ರೇಗಿದ. ಬುಧವಾರ ಬೆಳಿಗ್ಗೆ ಚಿಕ್ಕಪ್ಪನ ಸೊಂಟಕ್ಕೆ ಹಗ್ಗ ಬಿಗಿದು ಒಳಗೆ ಇಳಿಸಿದರು.

"ಏ ಇಲಿ, ಒಳಗೆ ನಿದ್ದೆ ಮಾಡ್ತಿದೀಯೇನೋ?" ಮೇಸ್ತ್ರಿ ಹಳೇ ಗತ್ತಿನಲ್ಲಿ ಕೂಗಿದ.

"ಕೂಲಿ ಹೇಳು, ಏಳ್ತೀನಿ," ಎಂದಿತು ಗುಂಡಿ.

ಎಲ್ಲರೂ ನಕ್ಕರು. ನಕ್ಕು ಕೆಮ್ಮಿದರು. ಎರಡು ಕಲ್ಲು ತಂದರೆ ಸಾಕು ಎಂದು ದರ್ಜಿ ಹೇಳಿ ನೋಡಿದಳು. ತನ್ನ ಕಾಲದಲ್ಲಿ ಈ ಗಣಿಯಿಂದ ಅರೆಬುಟ್ಟಿ ಮೇಲೆ ಬಂದದ್ದೇ ಇಲ್ಲ ಎಂದ ಮೇಸ್ತ್ರಿ. ಬುಟ್ಟಿ ತುಂಬಿಯೇ ಬಂತು. ಅದರ ಹಿಂದೆ ಮೈಯೆಲ್ಲ ಕೆಂಪಾಗಿ ಚಿಕ್ಕಪ್ಪ ಬಂದ.

ಅಷ್ಟರಲ್ಲಿ ಎರಡು ಜೀಪು ಬಂದವು. ಮೊದಲನೆಯದರಲ್ಲಿ ಸಾಹೇಬರು, ಗುಮಾಸ್ತ, ಕ್ಯಾಮೆರಾ ಹಿಡಿದವನು. ಎರಡನೆಯದರಲ್ಲಿ ಪೊಲೀಸರು. ಜೀವಮಾನವೆಲ್ಲ ಆ ಗುಂಡಿಯಲ್ಲಿ ಕಳೆದವರ ಫೋಟೊ ಯಾರೂ ತೆಗೆದಿರಲಿಲ್ಲ. ಅವರು ಅಂಗಿಯ ಗುಂಡಿ ಹಾಕಿಕೊಂಡು ಸಾಲಾಗಿ ನಿಂತರು. ಸಾಹೇಬರು ಮೆತ್ತಗೆ ಕೇಳಿದರು. ಒಳಗೆ ಇಳಿದವರು ಯಾರು, ಹಗ್ಗ ಎಳೆದವರು ಯಾರು, ಹೊಲ ಯಾರದು. ಇವರು ಹೆಮ್ಮೆಯಿಂದ ಹೇಳಿದರು. ಗುಮಾಸ್ತ ಬರೆದುಕೊಂಡ.

"ಪರವಾನಗಿ ಎಲ್ಲಿ?"

ಮೇಸ್ತ್ರಿ ತುಂಬಿದ ಬುಟ್ಟಿಯನ್ನು ಮುಂದಕ್ಕೆ ತಳ್ಳಿದ.

"ಗಣಿ ನಡೆಸೋಕೆ ಪರವಾನಗಿ ಬೇಕಲ್ಲಮ್ಮ."

"ಸಾಹೇಬ್ರೇ, ನೀವೇ ತೋರ್ಸು ಅಂದ್ರಲ್ಲ," ಎಂದಳು ದರ್ಜಿ.

"ತೋರ್ಸು ಅಂದೆ. ತೆಗಿ ಅಂದ್ನಾ?"

ಬುಟ್ಟಿ ಜೀಪು ಹತ್ತಿತು. ಹಗ್ಗ ಹತ್ತಿತು. ಎರವಲು ರಾಟೆಯೂ ಹತ್ತಿತು. ಗಣಿ ಶುರುವಾದ ದಿನ ಇದೇ ಬುಧವಾರ, ಶುರು ಮಾಡಿದವಳು ದರ್ಜಿ ಎಂದು ಸಾಹೇಬರು ಬರೆಸಿದರು. ಇಷ್ಟು ಆಳ ಒಂದೇ ಬೆಳಿಗ್ಗೆಯಲ್ಲಿ ತೋಡಿದೆವಾ ಎಂದು ಅವಳು ಕೇಳಿದ್ದಕ್ಕೆ, ಅದೇ ಆಶ್ಚರ್ಯ, ಅದನ್ನೂ ಕೋರ್ಟಿನಲ್ಲಿ ವಿವರಿಸಬೇಕಾಗುತ್ತದೆ ಎಂದರು.

ಮೇಸ್ತ್ರಿ ಮುಂದೆ ಬಂದ. "ಅವಳೊಬ್ಬಳ ಹೆಸರು ಯಾಕೆ? ಅವಳು ಹುಟ್ಟೋಕೆ ಮುಂಚೆಯಿಂದ ಅಗೆದೋರು ನಾವು. ನಮ್ಮನ್ನೂ ಬರ್ಕೊಳ್ಳಿ. ಅಗೆಸಿದೋನನ್ನೂ ಬರ್ಕೊಳ್ಳಿ."

"ಆಗ ಇಲ್ಲಿ ಗಣಿ ಇರಲಿಲ್ಲವಲ್ಲ ಅಜ್ಜ," ಎಂದರು ಸಾಹೇಬರು. "ಇಲ್ಲದ ಗಣೀನ ನೀವು ಹೇಗೆ ಅಗೀತೀರಿ?"

ಕೇಸು ಮುಗಿಯುವವರೆಗೆ ಹೊಲ ಇಲಾಖೆಯ ವಶ. ಬೇಲಿಗೆ ಬೀಗ ಬಿತ್ತು. ಒಳಗೆ ಈರುಳ್ಳಿ ಕೀಳುವ ಹದಕ್ಕೆ ಬಂದಿತ್ತು. ಅದನ್ನಾದರೂ ಕಿತ್ತುಕೊಳ್ಳುತ್ತೇವೆ ಎಂದು ಚಿಕ್ಕಪ್ಪ ಮೂರು ಸಲ ಕಚೇರಿಗೆ ಅಲೆದ. ನೆಲದಡಿ ಇರುವುದನ್ನು ಮೇಲೆ ತೆಗೆಯಲು ಈಗ ಯಾರಿಗೂ ಅನುಮತಿ ಇಲ್ಲ ಎಂದು ಗುಮಾಸ್ತ ಹೇಳಿ ಕಳಿಸಿದ.

ಅದಿರನ್ನು ಪರೀಕ್ಷೆ ಮಾಡಿದರು. ಚೆನ್ನಾಗಿತ್ತು. ಧಣಿಯ ಕಾಲದಲ್ಲಿ ಬೇಡವೆಂದು ಬಿಟ್ಟ ಕಲ್ಲಿಗೆ ಈಗ ಚಿನ್ನದ ಬೆಲೆ. ಇಂಥ ಗಣಿಯನ್ನು ಸುಮ್ಮನೆ ಬಿಡಬಾರದು, ಅನುಭವಸ್ಥರ ಕೈಗೆ ಕೊಡಬೇಕು ಎಂದು ತೀರ್ಮಾನವಾಯಿತು. ಅನುಭವಸ್ಥರು ಯಾರೆಂದು ಹುಡುಕಿದರೆ ಧಣಿಯ ಮೊಮ್ಮಗ ಸಿಕ್ಕ. ಮೂರು ತಲೆಮಾರಿನಿಂದ ಗಣಿ ನಡೆಸಿದ ಮನೆತನ ಎಂದು ಅವನೇ ಅರ್ಜಿಯಲ್ಲಿ ಬರೆದಿದ್ದ. ಜೊತೆಗೆ ತಾತನ ಫೋಟೊ ಇಟ್ಟಿದ್ದ.

ವಹಿಸಿಕೊಡುವ ದಿನ ಹೊಲದಲ್ಲಿ ಶಾಮಿಯಾನ ಹಾಕಿದರು. ಕಂಬ ನೆಟ್ಟದ್ದು ಈರುಳ್ಳಿ ಪಾತಿಯಲ್ಲಿ. ಸಾಹೇಬರು ಮೈಕಿನ ಮುಂದೆ ಗಣಿಯ ಇತಿಹಾಸ ಓದಿದರು. ಈ ವರ್ಷ ಒಬ್ಬ ದರ್ಜಿ ಅಕ್ರಮವಾಗಿ ಶುರು ಮಾಡಿದ ಗಣಿ, ಇನ್ನು ಮುಂದೆ ಸಕ್ರಮ. ಇತಿಹಾಸ ಅಷ್ಟಕ್ಕೇ ಮುಗಿಯಿತು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು.

ಬೇಲಿಯಾಚೆ ನಿಂತಿದ್ದ ದರ್ಜಿ ಬೇಲಿ ದಾಟಿದಳು. ಹಿಂದೆ ಚಿಕ್ಕಪ್ಪ, ಮೇಸ್ತ್ರಿ, ಅಜ್ಜಿ, ಉಳಿದ ಮೂವರು. ಅವರ ಹಿಂದೆ ಓಣಿಗಳ ಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಎಲ್ಲರೂ ಹೋಗಿ ಗುಂಡಿಯ ಸುತ್ತ ಕೂತರು. ಏನಿದು ಎಂದರು ಸಾಹೇಬರು.

"ಇತಿಹಾಸ ಓದಿದ್ದಾಯ್ತಲ್ಲ," ಎಂದ ಮೇಸ್ತ್ರಿ. "ಈಗ ಹಾಜರಿ. ಹಾಜರಿ ಕೂಗದೆ ಈ ಗಣಿ ಯಾವತ್ತೂ ಶುರುವಾಗಿಲ್ಲ."

ಅವನು ಕೂಗಿದ. ಇಲಿ. ಓ, ಎಂದ ಚಿಕ್ಕಪ್ಪ. ಗಟ್ಟಿಗಿತ್ತಿ. ಓ, ಎಂದಳು ಅಜ್ಜಿ. ಗೂಬೆ. ಯಾರೂ ಓಗೊಡಲಿಲ್ಲ. ಸಿಡುಕ. ಇಲ್ಲ. ಉದ್ದಪ್ಪ. ಇಲ್ಲ. ಹಾಡುಗಾರ, ಎಂದು ಕೂಗಿ ಮೇಸ್ತ್ರಿ ದರ್ಜಿಯ ಕಡೆ ನೋಡಿದ. ಅದು ದರ್ಜಿಯ ಅಪ್ಪ.

"ಓ," ಎಂದಳು ದರ್ಜಿ.

ಕೂಗಿದ ಹೆಸರುಗಳಲ್ಲಿ ಗಣಿಗೆ ಸತ್ತವರದೇ ಹನ್ನೊಂದು. ಎಲ್ಲರ ಹೆಸರು ಮುಗಿದ ಮೇಲೆ ಮೇಸ್ತ್ರಿ ಮೊಮ್ಮಗನ ಕಡೆ ತಿರುಗಿ ಕೂಗಿದ. "ಧಣಿ."

ಮೊಮ್ಮಗ ಮೊಬೈಲು ನೋಡುತ್ತಿದ್ದ.

"ಗೈರುಹಾಜರು," ಎಂದ ಮೇಸ್ತ್ರಿ. "ಬರ್ಕೊಳ್ಳಪ್ಪ ಗುಮಾಸ್ತ."

ಗುಮಾಸ್ತ ಬರೆದುಕೊಳ್ಳಲಿಲ್ಲ. ಯಂತ್ರಗಳ ಲಾರಿ ಬೇಲಿಯ ಹೊರಗೆ ಹಾರನ್ನು ಹೊಡೆಯಿತು. ಕೂತವರು ಏಳಲಿಲ್ಲ. ಪೊಲೀಸರು ಒಬ್ಬೊಬ್ಬರನ್ನೇ ಎತ್ತಿ ಜೀಪಿಗೆ ಹಾಕುವಷ್ಟರಲ್ಲಿ ಮಧ್ಯಾಹ್ನವಾಯಿತು. ಮೊದಲು ಎತ್ತಿದ್ದವರು ಹಿಂದಿನ ಬಾಗಿಲಿಂದ ಇಳಿದು ಮತ್ತೆ ಬಂದು ಕೂತಿದ್ದರಿಂದ ಸಂಜೆಯಾಯಿತು. ಆ ದಿನ ಲಾರಿ ಒಳಗೆ ಬರಲಿಲ್ಲ. ಮರುದಿನ ಬಂತು.

ಹೋದದ್ದು ಇಷ್ಟು. ಹೊಲ ಒಂದು. ಕೀಳದ ಈರುಳ್ಳಿ ಆರು ಪಾತಿ. ಪಕ್ಕದ ಹೊಲದವರ ರಾಟೆ ಒಂದು. ಹೊಸ ಹಗ್ಗ ಒಂದು. ಬುಟ್ಟಿ ಒಂದು, ಕಲ್ಲಿನ ಸಮೇತ. ಮನುಷ್ಯರು ಹನ್ನೊಂದು.